ತಟಸ್ಥ ವಾಕ್ಯದ ಜಾತಿ ಯಾವುದು?

1

ಹತ್ತು ವರ್ಷದ ಹಿಂದಿನ ಮಾತು. ನಾನು ಆಗ ಎಂ.ಎ. ಕನ್ನಡ ಓದುತ್ತಿದ್ದೆ. ಇಂಟರ್ನಲ್ ಅಂಕಗಳಿಗಾಗಿ ಎಂದಿನ ಪ್ರಬಂಧದ ಬದಲು ಅಂತರ್ಜಾಲದ ವಿಶ್ವಕೋಶಕ್ಕೆ ತಲಾ ಒಂದು ನಮೂದು ಬರೆಯಿರಿ ಎಂದು ಮೇಷ್ಟ್ರು ಹೇಳಿದರು. ಒಬ್ಬನಿಗೆ ರಗಳೆ ಬಂತು, ಒಬ್ಬಳಿಗೆ ಚಂಪೂ, ಇನ್ನೊಬ್ಬನಿಗೆ ನವೋದಯ. ನನ್ನ ಪಾಲಿಗೆ ಬಂದದ್ದು ಬೂಸಾ ಚಳವಳಿ. ‘ನಿಂಗೆ ಸುಲಭ ಬಿಡಪ್ಪ, ಮನೇದೇ ವಿಷ್ಯ’ ಎಂದು ಮೇಷ್ಟ್ರು ನಕ್ಕರು. ಆಮೇಲೆ ಬೆರಳೆತ್ತಿ, ‘ಆದ್ರೆ ನೋಡು, ಭಾವುಕ ಆಗ್ಬೇಡ. ತಟಸ್ಥವಾಗಿ ಬರೀಬೇಕು’ ಎಂದರು. ರಗಳೆ ಸಿಕ್ಕವನಿಗೆ ಅವರು ಈ ಎಚ್ಚರಿಕೆ ಕೊಡಲಿಲ್ಲ. ಹರಿಹರನ ಭಕ್ತಿಯ ಬಗ್ಗೆ ಅವನು ಎಷ್ಟು ಬೇಕಾದರೂ ಭಾವುಕನಾಗಬಹುದಿತ್ತು. ಮೇಷ್ಟ್ರು ಕೆಟ್ಟವರಲ್ಲ. ಫೀಸಿಗೆ ತೊಂದರೆಯಾದಾಗ ಜೇಬಿಗೆ ಕೈ ಹಾಕಿದವರು ಅವರೇ. ಆದರೆ ಎಚ್ಚರಿಕೆ ಯಾರಿಗೆ ಬೇಕು, ಯಾರಿಗೆ ಬೇಡ ಎನ್ನುವುದು ಅವರ ಮನಸ್ಸಿನಲ್ಲಿ ಮೊದಲೇ ತೀರ್ಮಾನವಾಗಿತ್ತು. ಈ ತೀರ್ಮಾನವನ್ನೇ ನಾನಿಲ್ಲಿ ಚರ್ಚಿಸಬೇಕೆಂದಿದ್ದೇನೆ.

ನೆನಪಿಗಾಗಿ ಸಂಗತಿಗಳನ್ನು ಹೇಳಿಬಿಡುತ್ತೇನೆ. 1973ರ ನವೆಂಬರಿನಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತನಾಡುತ್ತ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದರು. ದಲಿತ ಹುಡುಗರು ಇಂಗ್ಲಿಷ್ ಕಲಿಯಬೇಕು ಎಂಬ ಕಾಳಜಿಯೂ ಆ ಮಾತಿನ ಹಿಂದಿತ್ತು. ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ಮಂತ್ರಿಯಾಗಿ ನಿಲ್ಲಿಸಿದವರು ಇದೇ ಬಸವಲಿಂಗಪ್ಪನವರು. ರಾಜ್ಯದಾದ್ಯಂತ ವಿದ್ಯಾರ್ಥಿಗಳು ಬೀದಿಗಿಳಿದರು. ದಲಿತ ವಿದ್ಯಾರ್ಥಿಗಳ ಮೇಲೆ, ಹಾಸ್ಟೆಲುಗಳ ಮೇಲೆ ಹಲ್ಲೆಗಳಾದವು. ಕುವೆಂಪು ಅವರು ಬಸವಲಿಂಗಪ್ಪನವರ ಪರವಾಗಿ ನಿಂತರು. ಆದರೂ ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಪೆಟ್ಟಿನಿಂದ ಎದ್ದ ತಲೆಮಾರೇ ಮುಂದೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು.

ಇದನ್ನು ನಮೂದಾಗಿಸುವುದಕ್ಕೆ ಆ ವಿಶ್ವಕೋಶ ಮೂರು ಕಟ್ಟಳೆ ಹಾಕಿತ್ತು. ಬರೆಯುವವನ ಅಭಿಪ್ರಾಯ ಇರಕೂಡದು. ಪ್ರತಿ ಮಾತಿಗೂ ಪ್ರಕಟವಾದ, ನಂಬಬಹುದಾದ ಆಧಾರ ಇರಬೇಕು. ಬರೆಯುವವನು ತಾನೇ ಹೊಸದಾಗಿ ಪತ್ತೆ ಮಾಡಿದ್ದನ್ನು ಸೇರಿಸಕೂಡದು. ಇವುಗಳ ಜೊತೆಗೆ ಇನ್ನೊಂದು ಮಾತೂ ಇತ್ತು: ಬೇರೆ ಬೇರೆ ಅಭಿಪ್ರಾಯಗಳಿಗೆ, ಅವು ಪ್ರಕಟಿತ ಆಧಾರಗಳಲ್ಲಿ ಎಷ್ಟೆಷ್ಟು ಇವೆಯೋ ಅದೇ ಪ್ರಮಾಣದಲ್ಲಿ ಜಾಗ ಕೊಡಬೇಕು. ಮೊದಲ ಸಲ ಓದಿದಾಗ ಇದೆಲ್ಲ ನ್ಯಾಯವಾಗಿಯೇ ಕಂಡಿತು. ಈಗಲೂ ಪೂರ್ತಿ ಅನ್ಯಾಯ ಎಂದು ನಾನು ಹೇಳಲಾರೆ.

2

ಮೊದಲ ಕರಡನ್ನು ಒಂದೇ ರಾತ್ರಿಗೆ ಬರೆದು ಮುಗಿಸಿದೆ. ‘ಮೇಲ್ಜಾತಿಯ ಪಟ್ಟಭದ್ರರ ಹುನ್ನಾರ’, ‘ಪುರೋಹಿತಶಾಹಿಯ ಅಟ್ಟಹಾಸ’ ಎಂಬ ಮಾತುಗಳು ಅದರ ತುಂಬ ಇದ್ದವು. ನಮ್ಮ ವೇದಿಕೆಗಳಲ್ಲಿ ಕೇಳಿ ಕೇಳಿ ನಾಲಗೆಗೆ ಅಂಟಿದ್ದ ಮಾತುಗಳವು. ಒಂದು ದಿನದೊಳಗೆ ಯಾರೋ ಅಪರಿಚಿತರು ಅವನ್ನೆಲ್ಲ ಅಳಿಸಿಹಾಕಿದ್ದರು. ನನಗೆ ಸಿಟ್ಟು ಬಂತು. ಆದರೆ ಅಳಿಸಿದ ಮೇಲೆ ಏನು ಉಳಿದಿದೆ ಎಂದು ನೋಡಿದರೆ ಒಂದೂವರೆ ವಾಕ್ಯ! ನಾನು ಬರೆದದ್ದೆಲ್ಲ ಬರೀ ವಿಶೇಷಣ. ಎಲ್ಲಿ, ಯಾವಾಗ, ಯಾರು, ಯಾರಿಗೆ ಎಂಬುದು ಅಲ್ಲಿರಲೇ ಇಲ್ಲ. ಬೈಗುಳವನ್ನೇ ವಿಮರ್ಶೆ ಎಂದುಕೊಂಡಿದ್ದೆ. ಅಪರಿಚಿತನ ಉದ್ದೇಶ ಏನೇ ಇರಲಿ, ಆ ದಿನ ಅವನು ನನಗೊಂದು ಪಾಠ ಹೇಳಿದ ಎಂಬುದನ್ನು ಒಪ್ಪಿಕೊಳ್ಳಬೇಕು.

ಎರಡನೇ ಕರಡಿಗೆ ಮೂರು ವಾರ ಹಿಡಿಯಿತು. ಗ್ರಂಥಾಲಯದ ದೂಳಿನಲ್ಲಿ ಕೂತು ಹಳೆಯ ಪತ್ರಿಕೆಗಳ ಬೈಂಡುಗಳನ್ನು ತಿರುವಿದೆ. ಚೀಟಿಗಳಲ್ಲಿ ಬರೆದುಕೊಂಡೆ. ವಿಶೇಷಣಗಳನ್ನೆಲ್ಲ ಕಿತ್ತೆ. ಕೊನೆಗೆ ಐದು ಪ್ಯಾರಾದ ಚೊಕ್ಕ ಬರವಣಿಗೆ ಸಿದ್ಧವಾಯಿತು. ಅದರಲ್ಲಿದ್ದ ಒಂದು ವಾಕ್ಯ ಹೀಗಿತ್ತು: ‘ಈ ಹೇಳಿಕೆಯ ನಂತರ ರಾಜ್ಯದ ಹಲವೆಡೆ ವಿದ್ಯಾರ್ಥಿಗಳ ನಡುವೆ ಘರ್ಷಣೆಗಳು ಸಂಭವಿಸಿದವು.’ ಯಾರೂ ಅಳಿಸಲಿಲ್ಲ. ಮೇಷ್ಟ್ರು ಇಪ್ಪತ್ತಕ್ಕೆ ಹದಿನೆಂಟು ಅಂಕ ಕೊಟ್ಟರು.

ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ದೊಡ್ಡಪ್ಪನಿಗೆ ಅದನ್ನು ಫೋನಿನಲ್ಲಿ ತೆಗೆದು ಓದಿ ಹೇಳಿದೆ. 1973ರಲ್ಲಿ ಅವರು ಪಿ.ಯು.ಸಿ. ಹುಡುಗ. ಹಾಸ್ಟೆಲಿನಲ್ಲಿದ್ದರು. ಆಮೇಲೆ ಪ್ರೈಮರಿ ಶಾಲೆಯ ಮೇಷ್ಟ್ರಾಗಿ ರಿಟೈರಾದವರು. ಜಗಲಿಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕೇಳಿದ್ದು ಒಂದೇ ಮಾತು.

‘ಘರ್ಷಣೆ ಅಂದ್ರ ಎರಡು ಕಡೆಯವ್ರೂ ಹೊಡ್ಕಳದು ಅಲ್ವಾ ಮಗ? ನಾವು ಯಾರ್ಗ ಹೊಡುದೊ?’

ನಾನು ಸುಮ್ಮನಾದೆ. ಅವರು ಎಡಗೈಯ ತೋಳು ಸರಿಸಿ ಮೊಣಕೈಯ ಹತ್ತಿರದ ಹಳೆಯ ಗಾಯದ ಗುರುತು ತೋರಿಸಲಿಲ್ಲ. ತೋರಿಸುವ ಅಗತ್ಯವಿರಲಿಲ್ಲ. ಚಿಕ್ಕಂದಿನಿಂದ ನಾನು ಅದನ್ನು ನೋಡಿದ್ದೆ. ಸೈಕಲ್ಲಿಂದ ಬಿದ್ದದ್ದು ಎಂದು ಮನೆಯಲ್ಲಿ ಹೇಳುತ್ತಿದ್ದರು. ನಿಜ ಗೊತ್ತಾದದ್ದು ಆ ದಿನ.

3

ನಮ್ಮ ವಿಮರ್ಶೆ ಇದುವರೆಗೆ ಮೇಲ್ಜಾತಿ ಬರವಣಿಗೆಯ ವಸ್ತುವನ್ನು ಪ್ರಶ್ನಿಸಿದೆ, ಪಾತ್ರಗಳನ್ನು ಪ್ರಶ್ನಿಸಿದೆ, ಆಶಯವನ್ನು ಪ್ರಶ್ನಿಸಿದೆ. ಆದರೆ ವ್ಯಾಕರಣವನ್ನು ಅಷ್ಟಾಗಿ ಪ್ರಶ್ನಿಸಿಲ್ಲ. ಅವಹೇಳನದ ಮಾತು ಎದುರಿಗಿದ್ದರೆ ನಮಗೆ ಥಟ್ಟನೆ ಗೊತ್ತಾಗುತ್ತದೆ. ಅವಹೇಳನವೇ ಇಲ್ಲದ, ಸೌಮ್ಯವಾದ, ಇಸ್ತ್ರಿ ಮಾಡಿದ ವಾಕ್ಯದೊಳಗೆ ಜಾತಿ ಹೇಗೆ ಕೂತಿರುತ್ತದೆ ಎನ್ನುವುದು ಗೊತ್ತಾಗುವುದಿಲ್ಲ. ‘ಘರ್ಷಣೆಗಳು ಸಂಭವಿಸಿದವು’ ಎಂದು ಬರೆದದ್ದು ಯಾವ ಮೇಲ್ಜಾತಿಯವನೂ ಅಲ್ಲ, ನಾನೇ. ಆ ವಾಕ್ಯಕ್ಕೆ ಕರ್ತೃ ಇಲ್ಲ. ಮಳೆ ಸಂಭವಿಸಿದ ಹಾಗೆ ಪೆಟ್ಟೂ ಸಂಭವಿಸಿಬಿಟ್ಟಿದೆ!

ಮೊದಲು ಹೆಸರನ್ನೇ ತೆಗೆದುಕೊಳ್ಳಿ. 1973ರ ಆ ದಿನಗಳನ್ನು ಕೆಲವರು ‘ಬೂಸಾ ಗಲಾಟೆ’ ಎನ್ನುತ್ತಾರೆ, ಕೆಲವರು ‘ಬೂಸಾ ಪ್ರಕರಣ’ ಎನ್ನುತ್ತಾರೆ, ನಾವು ‘ಬೂಸಾ ಚಳವಳಿ’ ಎನ್ನುತ್ತೇವೆ. ಗಲಾಟೆ ಎನ್ನುವವನು ಕಿಟಕಿಯಿಂದ ಬೀದಿ ನೋಡುತ್ತಿದ್ದಾನೆ. ಪ್ರಕರಣ ಎನ್ನುವವನು ಫೈಲು ನೋಡುತ್ತಿದ್ದಾನೆ. ಚಳವಳಿ ಎನ್ನುವವನು ಆಮೇಲೆ ಹುಟ್ಟಿದ್ದನ್ನು ನೋಡುತ್ತಿದ್ದಾನೆ. ನಮೂದಿಗೆ ತಲೆಬರಹ ಒಂದೇ ಇರಬೇಕಲ್ಲ, ಅಲ್ಲಿ ತಟಸ್ಥವಾದ ಪದ ಯಾವುದು? ಇಲ್ಲವೇ ಇಲ್ಲ. ಅಂದರೆ ಮೊದಲ ಪದವನ್ನು ಬರೆಯುವ ಹೊತ್ತಿಗೇ ನಾವು ಎಲ್ಲೋ ಒಂದು ಕಡೆ ನಿಂತಾಗಿರುತ್ತದೆ.

ಎರಡನೆಯದು, ‘ಬೂಸಾ’ ಎಂಬ ಪದದ ಅರ್ಥ. ನಾನು ‘ಕೆಲಸಕ್ಕೆ ಬಾರದ್ದು, ನಿಸ್ಸಾರವಾದದ್ದು’ ಎಂದು ಬರೆದಿದ್ದೆ. ದೊಡ್ಡಪ್ಪ ಅದನ್ನೂ ಒಪ್ಪಲಿಲ್ಲ. ‘ಬೂಸ ಹೊಲಸಲ್ಲ ಕಣಪ್ಪ. ದನ ತಿಂತದ, ಹಾಲು ಕೊಡ್ತದ. ಗೌಡ್ರ ಮನೇಲಿ ಜೀತಕ್ಕಿದ್ದಾಗ ನಿಮ್ಮಜ್ಜ ದಿನಾ ಬೂಸ ಕಲಸ್ತಿದ್ದ. ಬೂಸ ಐತೆ ಅಂದ್ರ ಕಾಳೆಲ್ಲಿ ಅಂತ ಕೇಳ್ದಂಗೆ.’ ಬಸವಲಿಂಗಪ್ಪನವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಆದರೆ ಜೀತದ ಮನೆಯಲ್ಲಿ ಬೂಸಾ ಕಲಸಿದ ಕೈಗೆ ಆ ಪದ ಕೊಡುವ ಅರ್ಥ ಬೇರೆ, ನಿಘಂಟು ನೋಡಿದ ಕಣ್ಣಿಗೆ ಕೊಡುವ ಅರ್ಥ ಬೇರೆ. ಒಂದು ಬೈಗುಳ, ಇನ್ನೊಂದು ಪ್ರಶ್ನೆ. ಕನ್ನಡ ಸಾಹಿತ್ಯ ಅದನ್ನು ಬೈಗುಳವಾಗಿ ಕೇಳಿಸಿಕೊಂಡಿತು. ಪ್ರಶ್ನೆಯಾಗಿ ಕೇಳಿಸಿಕೊಂಡಿದ್ದರೆ ಅದಕ್ಕೆ ಉತ್ತರ ಹೇಳಬೇಕಾಗುತ್ತಿತ್ತು.

ಮೂರನೆಯದು, ಇದು ಎಲ್ಲಕ್ಕಿಂತ ಸೂಕ್ಷ್ಮ. ಪತ್ರಿಕೆಯಲ್ಲಿ ಬಂದ ವರದಿಯನ್ನು ವಿಶ್ವಕೋಶ ನೇರವಾಗಿ, ಸತ್ಯದ ದನಿಯಲ್ಲಿ ಹೇಳಬಹುದು. ಆತ್ಮಕತೆಯಲ್ಲಿ ಬಂದದ್ದನ್ನು ‘ಎಂದು ಅವರು ಹೇಳಿಕೊಂಡಿದ್ದಾರೆ’ ಎಂದೇ ಬರೆಯಬೇಕು. ನಿಯಮ ಎಲ್ಲರಿಗೂ ಒಂದೇ, ಸರಿ. ಆದರೆ 1973ರಲ್ಲಿ ಅಚ್ಚಿನ ಮೊಳೆ ಯಾರ ಕೈಯಲ್ಲಿತ್ತು? ವರದಿ ಬರೆಯುವ ಕುರ್ಚಿಯಲ್ಲಿ ಯಾರು ಕೂತಿದ್ದರು? ದಲಿತರು ತಮ್ಮ ಪೆಟ್ಟನ್ನು ತಾವೇ ಬರೆದುಕೊಂಡದ್ದು ಬಹುಪಾಲು ಹಾಡಿನಲ್ಲಿ, ಕರಪತ್ರದಲ್ಲಿ, ಆತ್ಮಕತೆಯಲ್ಲಿ. ಅರವಿಂದ ಮಾಲಗತ್ತಿಯವರ ‘ಗವರ್ನಮೆಂಟ್ ಬ್ರಾಹ್ಮಣ’ ಬಂದದ್ದು 1994ರಲ್ಲಿ. ಹೀಗಾಗಿ ಒಂದೇ ನಿಯಮ ಎರಡು ಫಲ ಕೊಡುತ್ತದೆ: ಹೊಡೆದವರ ಕಡೆಯ ಮಾತು ‘ಆಯಿತು’ ಎಂದು ಮುಗಿಯುತ್ತದೆ, ಹೊಡೆಸಿಕೊಂಡವರ ಮಾತು ‘ಎನ್ನಲಾಗಿದೆ’ ಎಂದು ಮುಗಿಯುತ್ತದೆ. ಕನ್ನಡದ ಈ ‘ಎನ್ನಲಾಗಿದೆ’ ಎಷ್ಟು ವಿನಯದ ಕ್ರಿಯಾಪದ ನೋಡಿ. ಅದು ಯಾರನ್ನೂ ಸುಳ್ಳುಗಾರ ಎನ್ನುವುದಿಲ್ಲ. ಹೊರಗೆ ಜಗಲಿಯ ಮೇಲೆ ಕೂರಿಸುತ್ತದೆ, ಅಷ್ಟೆ.

ಕಂಬಾಲಪಲ್ಲಿಯ ಉದಾಹರಣೆ ನೋಡಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ 7 ಜನ ದಲಿತರನ್ನು ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ ಜಿಲ್ಲೆ. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಈಗ ಇದರ ಮೇಲೆ ತಟಸ್ಥವಾದ ನಮೂದು ಬರೆಯಿರಿ. ‘ಕೊಂದರು’ ಎನ್ನುವ ಕ್ರಿಯಾಪದಕ್ಕೆ ಕರ್ತೃಪದ ಎಲ್ಲಿಂದ ತರುತ್ತೀರಿ? ತೀರ್ಪಿನಲ್ಲಿ ತಪ್ಪಿತಸ್ಥರಿಲ್ಲ. ‘7 ಜನ ಸಾವಿಗೀಡಾದರು’ ಎಂದು ಬರೆಯಬೇಕು. ವಿಶ್ವಕೋಶದ ವ್ಯಾಕರಣ ಇಲ್ಲಿ ಸುಳ್ಳು ಹೇಳುತ್ತಿಲ್ಲ. ನ್ಯಾಯ ಸಿಗದೇ ಹೋದದ್ದೇ ವ್ಯಾಕರಣವಾಗಿ ಇಳಿದುಬಂದಿದೆ. ತಿದ್ದಬೇಕಾದದ್ದು ವಾಕ್ಯವನ್ನಷ್ಟೇ ಅಲ್ಲ ಎನ್ನುವುದು ಇಂಥ ಕಡೆ ತಿಳಿಯುತ್ತದೆ.

4

‘ತಟಸ್ಥ’ ಎಂದರೆ ತಟದಲ್ಲಿ ನಿಂತವನು, ದಡದ ಮೇಲಿರುವವನು. ಈ ಪದ ಬಿಡಿಸಿದಾಗ ನನಗೆ ಹೊಳೆದದ್ದು ಮಹಾಡ್. 1923ರಲ್ಲೇ ಮುಂಬಯಿ ಶಾಸನ ಪರಿಷತ್ತು ಸಾರ್ವಜನಿಕ ನೀರನ್ನು ಅಸ್ಪೃಶ್ಯರೂ ಬಳಸಬಹುದು ಎಂದು ನಿರ್ಣಯ ಮಾಡಿತ್ತು. ಕಾಗದ ತಟಸ್ಥವಾಗಿತ್ತು. ಆದರೂ ಚವದಾರ್ ಕೆರೆಯ ನೀರು ಮುಟ್ಟಲು 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ನಡೆದುಹೋಗಬೇಕಾಯಿತು. ಆ ದಿನ ಏಟು ಬಿತ್ತು. ಕೋರ್ಟಿನಲ್ಲಿ ಕೊನೆಯ ತೀರ್ಪು ಬರಲು 1937 ಆಗಬೇಕಾಯಿತು. ದಡದ ಮೇಲೆ ನಿಲ್ಲುವುದಕ್ಕೂ ಹಕ್ಕು ಬೇಕು. ಕೆರೆಯ ದಡ ತುಳಿಯಲೂ ಬಿಡದವರ ಮಗನಿಗೆ ‘ದಡದ ಮೇಲೆ ನಿಂತು ಬರಿ’ ಎನ್ನುವುದರಲ್ಲಿ ಒಂದು ವ್ಯಂಗ್ಯವಿದೆ.

ದಡದಿಂದ ಬರೆದ ಹಳೆಯ ನಮೂದುಗಳನ್ನೂ ನಾವು ನೋಡಿದ್ದೇವೆ. ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ 7 ಸಂಪುಟಗಳು 1909ರಲ್ಲಿ ಬಂದವು. ಮೈಸೂರಿನ ಜಾತಿಗಳ ಬಗ್ಗೆ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ 4 ಸಂಪುಟಗಳು 1928ರಿಂದ 1935ರವರೆಗೆ ಬಂದವು. ಅಕಾರಾದಿಯಲ್ಲಿ ಹೊಲೆಯರೂ ಇದ್ದಾರೆ, ಮಾದಿಗರೂ ಇದ್ದಾರೆ. ಮದುವೆ, ಸಾವು, ಊಟ, ದೇವರು ಎಲ್ಲ ಇದೆ. ಥರ್ಸ್ಟನ್ ಮೂಗಿನ ಉದ್ದ ಅಗಲಗಳನ್ನೂ ಅಳೆಸಿದ್ದಾನೆ. ಮೂಗಿನ ಅಳತೆಗಿಂತ ತಟಸ್ಥವಾದದ್ದು ಇನ್ನೇನಿದೆ? ಅಲ್ಲಿ ಬೈಗುಳವಿಲ್ಲ. ಆದರೆ ಅಳೆಯುವ ಕೈ ಯಾವಾಗಲೂ ಒಂದು ಕಡೆ, ಮೂಗು ಯಾವಾಗಲೂ ಇನ್ನೊಂದು ಕಡೆ. ಮೂಗಿನವನು ತಿರುಗಿ ಒಂದು ಸಾಲು ಬರೆಯುವಂತಿರಲಿಲ್ಲ. ಈ ಹೊಸ ವಿಶ್ವಕೋಶದಲ್ಲಿ ಬರೆಯಬಹುದು, ತಿದ್ದಬಹುದು. ಈ ವ್ಯತ್ಯಾಸ ಸಣ್ಣದಲ್ಲ. ಅದನ್ನು ಹಗುರವಾಗಿ ಕಂಡು ಬಿಟ್ಟುಬಿಟ್ಟರೆ ಆ ಜಾಗವನ್ನು ತುಂಬುವವರು ಬೇರೆಯವರಿದ್ದಾರೆ.

ಹಾಗಾದರೆ ತಟಸ್ಥತೆಯೇ ಒಂದು ಹುನ್ನಾರ, ಅದನ್ನು ಸುಟ್ಟುಹಾಕೋಣ ಎನ್ನೋಣವೇ? ಗೆಳೆಯರು ಕೆಲವರು ಹಾಗೆನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಂಬೇಡ್ಕರ್ ಅವರ 1936ರ ‘ಜಾತಿ ವಿನಾಶ’ವನ್ನೇ ನೋಡಿ. ಲಾಹೋರಿನಲ್ಲಿ ಮಾಡಲು ಬಿಡದ ಭಾಷಣವದು. ಅಷ್ಟು ಉರಿಯುವ ಕೃತಿಯ ಶುರುವಿನಲ್ಲಿ ಅವರು ಮಾಡುವುದೇನು? ಸಂಗತಿಗಳನ್ನು ಒಂದರ ಪಕ್ಕ ಒಂದು ಇಡುತ್ತಾರೆ. ಇಂದೂರಿನ ಬಲಾಯಿಗಳ ಮೇಲೆ ಸವರ್ಣರು ಹೇರಿದ ಕಟ್ಟುಪಾಡುಗಳನ್ನು ‘ಟೈಮ್ಸ್ ಆಫ್ ಇಂಡಿಯಾ’ದ 1928ರ ಜನವರಿ 4ರ ವರದಿಯಿಂದ ಎತ್ತಿಕೊಡುತ್ತಾರೆ. ಜೈಪುರ ಸಂಸ್ಥಾನದ ಚಕ್ವಾರಾದಲ್ಲಿ ಊಟಕ್ಕೆ ತುಪ್ಪ ಬಡಿಸಿದ್ದಕ್ಕೆ ದಲಿತರ ಮೇಲೆ ಬಿದ್ದ ಏಟನ್ನು ಊರಿನ ಹೆಸರು ಸಮೇತ ಹೇಳುತ್ತಾರೆ. ವಿರೋಧಿಯ ಮನೆಯ ಆಧಾರವನ್ನೇ ತಂದು ವಿರೋಧಿಯ ಮುಂದಿಡುವ ಕ್ರಮ ಅದು. ಅಲ್ಲಿ ದನಿ ಏರುವುದಿಲ್ಲ, ಆದರೆ ಕರ್ತೃಪದ ಎಲ್ಲೂ ಮಾಯವಾಗುವುದೂ ಇಲ್ಲ. ಯಾರು ಮಾಡಿದರು, ಯಾರಿಗೆ ಮಾಡಿದರು ಎಂಬುದು ಪ್ರತಿ ವಾಕ್ಯದಲ್ಲೂ ಇರುತ್ತದೆ. ನನ್ನ ಮೊದಲ ಕರಡಿನಲ್ಲಿ ಸಿಟ್ಟಿತ್ತು, ಸಂಗತಿ ಇರಲಿಲ್ಲ. ಎರಡನೆಯದರಲ್ಲಿ ಸಂಗತಿ ಇತ್ತು, ಕರ್ತೃ ಇರಲಿಲ್ಲ. ಬಾಬಾಸಾಹೇಬರಲ್ಲಿ ಎರಡೂ ಇವೆ.

5

ಊರಿಂದ ಬಂದವನೇ ವಾಕ್ಯ ತಿದ್ದಿದೆ: ‘ದಲಿತ ವಿದ್ಯಾರ್ಥಿಗಳ ಮೇಲೆ ಸವರ್ಣ ವಿದ್ಯಾರ್ಥಿಗಳು ಹಲ್ಲೆ ನಡೆಸಿದರು.’ ಸಂಜೆಯೊಳಗೆ ಅದು ಅಳಿಸಿಹೋಗಿತ್ತು. ಮೂಲ ಇಲ್ಲ, ಪಕ್ಷಪಾತದ ಮಾತು ಎಂದು ಕಾರಣ ಕೊಟ್ಟಿದ್ದರು. ನನ್ನ ಮೂಲ ಜಗಲಿಯ ಮೇಲೆ ಬೀಡಿ ಸೇದುತ್ತ ಕೂತಿತ್ತು. ಅದನ್ನು ಹಾಕಲು ಆ ಪುಟದಲ್ಲಿ ಜಾಗವಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಹುಡುಕಿದೆ. ದಲಿತ ಚಳವಳಿಯ ಚರಿತ್ರೆ ಬರೆದವರನ್ನು, ಆ ಕಾಲದಲ್ಲಿ ವಿದ್ಯಾರ್ಥಿಗಳಾಗಿದ್ದು ನೆನಪು ಬರೆದವರನ್ನು, ಸಂಶೋಧನ ಪ್ರಬಂಧಗಳನ್ನು ಓದಿ, ಪುಟಸಂಖ್ಯೆ ಸಮೇತ ಆಧಾರ ಕೊಟ್ಟು, ಅದೇ ವಾಕ್ಯವನ್ನು ಮತ್ತೆ ಇಟ್ಟೆ. ಈ ಸಲ ನಿಂತಿತು. ಅದು ನಿಂತದ್ದು ನನ್ನ ಜಾಣತನದಿಂದಲ್ಲ. ಯಾರೋ ಕೆಲವರು, ಯಾರು ಓದುತ್ತಾರೋ ಗೊತ್ತಿಲ್ಲದೆ, ಸಾಲ ಮಾಡಿ ಪುಸ್ತಕ ಅಚ್ಚು ಹಾಕಿಸಿದ್ದರಲ್ಲ, ಅದರಿಂದ.

ಇದನ್ನು ಹೇಳಲು ಮತ್ತೆ ಊರಿಗೆ ಹೋದೆ. ದೊಡ್ಡಪ್ಪ ಕೇಳಿಸಿಕೊಂಡು ತಲೆಯಾಡಿಸಿದರು. ಆಮೇಲೆ ಬಹಳ ಹೊತ್ತು ಬಿಟ್ಟು, ‘ಒಂದು ಮಾತು ಐತೆ ಮಗ’ ಎಂದರು. ‘ಮೂರನೇ ದಿನ ನಾವೂ ಕಲ್ಲು ತಗಂಡೊ. ಅವ್ರಲ್ಲೊಬ್ಬನ್ಗ ತಲೆ ಒಡೀತು.’

ಮೊದಲ ಸಲ ಕೇಳಿದಾಗ ‘ನಾವು ಯಾರ್ಗ ಹೊಡುದೊ’ ಎಂದವರು ಇವರೇ. ನನಗೆ ನಿಜವಾದ ಪರೀಕ್ಷೆ ಶುರುವಾದದ್ದು ಆಗ. ಇದನ್ನು ಮುಚ್ಚಿಟ್ಟರೆ, ಇಲ್ಲಿಯವರೆಗೆ ನಾನು ಬೇರೆಯವರ ವಾಕ್ಯಗಳ ಮೇಲೆ ಹೊರಿಸಿದ ಆರೋಪ ನನ್ನ ಮೇಲೇ ಬರುತ್ತದೆ. ಹೇಳಿದರೆ, ‘ನೋಡಿ, ಘರ್ಷಣೆ ಅಂತ ಬರೆದದ್ದೇ ಸರಿ’ ಎನ್ನುವವರಿಗೆ ನಾನೇ ಕೋಲು ಕೊಟ್ಟಂತಾಗುತ್ತದೆ. ಏನು ಮಾಡಲಿ ಎಂದು ಅವರನ್ನೇ ಕೇಳಿದೆ.

‘ಬರಿ. ಕಲ್ಲು ತಗಂಡಿದ್ದೂ ಬರಿ. ಆದ್ರ ಯಾವಾಗ ತಗಂಡೊ ಅನ್ನದೂ ಬರಿ. ಎರಡು ದಿನ ರೂಮಿಂದ ಈಚ್ಗ ಬರಕ್ಕಾಗ್ದೆ ನೀರಿಲ್ದೆ ಇದ್ದದ್ದು ಮೊದ್ಲು ಬರಿ, ಆಮ್ಯಾಲ ಕಲ್ಲು ಬರಿ.’

ಪ್ರೈಮರಿ ಮೇಷ್ಟ್ರಾಗಿದ್ದ ದೊಡ್ಡಪ್ಪ ಒಂದು ಉಸಿರಿನಲ್ಲಿ ಹೇಳಿದ್ದನ್ನು ನನ್ನ ಎಂ.ಎ. ಹೇಳಿಕೊಟ್ಟಿರಲಿಲ್ಲ. ತಟಸ್ಥತೆ ಎಂದರೆ ತಕ್ಕಡಿಯ ಎರಡು ತಟ್ಟೆಗೂ ಸಮ ತೂಕ ಹಾಕುವುದು ಎಂದು ನಾವು ತಿಳಿದಿದ್ದೇವೆ. ಏಟೂ ಒಂದು, ಎದುರೇಟೂ ಒಂದು, ಲೆಕ್ಕ ಸರಿ. ಆದರೆ ಚರಿತ್ರೆಯಲ್ಲಿ ಲೆಕ್ಕಕ್ಕಿಂತ ಅನುಕ್ರಮ ಮುಖ್ಯ. ಮೊದಲು ಏನಾಯಿತು, ಆಮೇಲೆ ಏನಾಯಿತು. ಬಾಗಿಲು ಯಾರು ಹಾಕಿದರು, ಬಾಗಿಲು ಯಾರು ಒಡೆದರು. ಯಾವುದನ್ನೂ ಬಿಡದೆ, ಕರ್ತೃಪದ ಕಳೆಯದೆ, ಅನುಕ್ರಮ ಕೆಡಿಸದೆ ಬರೆದರೆ ಅದು ನಮ್ಮ ನ್ಯಾಯದ ಬರವಣಿಗೆ. ಅದನ್ನು ತಟಸ್ಥ ಎನ್ನುತ್ತಾರೋ ಬಿಡುತ್ತಾರೋ ಅವರಿಗೆ ಸೇರಿದ್ದು. ಇಂಥ ಬರವಣಿಗೆಗೆ ಹೆದರಬೇಕಾದವರು ನಾವಲ್ಲ.

ಕೊನೆಯ ಮಾತು, ಇದನ್ನು ಓದುತ್ತಿರುವ ಗೆಳೆಯರಿಗೆ, ಮುಖ್ಯವಾಗಿ ವಿದ್ಯಾರ್ಥಿಗಳಿಗೆ. 1973ರಲ್ಲಿ ಹದಿನೆಂಟಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಜೊತೆಗೇ ಅವರ ನೆನಪೂ ಹೋಗುತ್ತದೆ. ಹೋದ ಮೇಲೆ ಉಳಿಯುವುದು ‘ಘರ್ಷಣೆಗಳು ಸಂಭವಿಸಿದವು’ ಎಂಬುದಷ್ಟೇ. ನಿಮ್ಮ ಮನೆಯ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಸೋದರಮಾವಂದಿರ ಹತ್ತಿರ ಕೂತು ಕೇಳಿ. ದಿನಾಂಕ ಕೇಳಿ, ಊರು ಕೇಳಿ, ಹಾಸ್ಟೆಲ್ ಕೇಳಿ. ಟ್ರಂಕಿನ ತಳದ ಕರಪತ್ರ ಕೇಳಿ. ಅವರಿಗೆ ಅನುಕೂಲವಲ್ಲದ್ದನ್ನೂ ಕೇಳಿ. ಬರೆದು ಇಂಥ ಸಣ್ಣ ಪತ್ರಿಕೆಗಳಿಗೆ ಕೊಡಿ. ಸಭೆಯಲ್ಲಿ ಕೂಗಿದ ಘೋಷಣೆ ಸಂಜೆಗೆ ಗಾಳಿಯಲ್ಲಿ ಹೋಗುತ್ತದೆ. ಅಚ್ಚಾದ ಎರಡು ಪುಟ ನಾಳೆ ಇನ್ನೊಬ್ಬ ಹುಡುಗನಿಗೆ ಆಧಾರವಾಗುತ್ತದೆ.

ದೊಡ್ಡಪ್ಪನ ಕಲ್ಲಿನ ಮಾತು, ಅದಕ್ಕೆ ಮೊದಲಿನ ಎರಡು ದಿನದ ಮಾತು ಆ ನಮೂದಿನಲ್ಲಿ ಈಗಲೂ ಇಲ್ಲ. ಎಲ್ಲೂ ಅಚ್ಚಾಗಿರಲಿಲ್ಲ, ಹಾಗಾಗಿ ಸೇರಿಸುವಂತಿರಲಿಲ್ಲ. ಈಗ ಇಲ್ಲಿ ಅಚ್ಚಾಗಿದೆ.